ಸೀರೆ ಲೆಕ್ಕದ ಶೀಟು: ಯಾವುದು ಉಟ್ಟೆ, ಯಾವುದು ವಾಪಸ್ ಇಟ್ಟೆ, ಮುಂದೆ ಏನು ಕೊಳ್ಳಬೇಕು

ದಿನಾ ಸೀರೆ ಉಟ್ಟು ಶಾಲೆಗೆ ಹೋಗುವವಳು ನಾನು. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಅಂದರೆ ಆಗುಂಬೆ ಇರುವ ತಾಲ್ಲೂಕು. ಮಳೆಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ ಅಲ್ವಾ. ಬೀರುವಿನಲ್ಲಿ ಐವತ್ತರ ಆಸುಪಾಸು ಸೀರೆ ಇವೆ, ಆದರೂ ಬೆಳಿಗ್ಗೆ ಕೈ ಹೋಗುವುದು ಅದೇ ಹತ್ತು ಹನ್ನೆರಡರ ಮೇಲೆ. ಉಳಿದವು ಯಾಕೆ ಹೊರಗೆ ಬರುವುದಿಲ್ಲ ಅಂತ ಸರಿಯಾಗಿ ತಿಳಿಯಬೇಕಿತ್ತು. ಅದಕ್ಕೆ ಒಂದು ಲೆಕ್ಕದ ವ್ಯವಸ್ಥೆ ಕಟ್ಟಿದೆ. ಮಳೆಗಾಲ, ಚಳಿ, ಬೇಸಿಗೆ ಮೂರೂ ಅದರಲ್ಲಿ ದಾಟಿ ಹೋಗಿವೆ. ಹೇಗೆ ಕಟ್ಟಿದೆ, ಏನು ಸಿಕ್ಕಿತು, ಕೊನೆಗೆ ಯಾಕೆ ಅಂಗಡಿಗಿಂತ ಜಾಸ್ತಿ ಹೊಲಿಗೆ ಮಿಷನ್ ಮುಂದೆ ಕೂತೆ ಅಂತ ಎಲ್ಲ ಇಲ್ಲಿದೆ. ಬೇಕಾದವರು ಹಾಗೇ ಎತ್ತಿಕೊಂಡು ಬಳಸಿ.

ನಂಬರ್ ಹಾಕಿದ್ದು

ಮೊದಲ ಕೆಲಸ, ಪ್ರತಿ ಸೀರೆಗೂ ಒಂದು ನಂಬರ್. ಬಣ್ಣದ ಹೆಸರಲ್ಲಿ ಬರೆಯಲು ಹೋಗಬೇಡಿ. ಒಂದು ದಿನ ‘ಹಸಿರು ಕಾಟನ್’, ಇನ್ನೊಂದು ದಿನ ‘ಗಿಳಿಹಸಿರು’ ಅಂತ ಬರೆದರೆ ಶೀಟಿಗೆ ಅದು ಎರಡು ಸೀರೆ. ನಂಬರ್ ಆದರೆ ಈ ತಕರಾರೇ ಇಲ್ಲ.

ಹಿಂದೆ ಮಡಿವಾಳರು ಒಗೆಯಲು ಒಯ್ದ ಬಟ್ಟೆಗೆ ಕರಿಗೇರು ಕಾಯಿಯ ರಸದಲ್ಲಿ ಒಂದೊಂದು ಮನೆಗೆ ಒಂದೊಂದು ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಆ ಕಪ್ಪು ಹೋಗುತ್ತಿರಲಿಲ್ಲ. ಆ ರಸ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಹಾಗಾಗಿ ನಾನು ಪರ್ಮನೆಂಟ್ ಮಾರ್ಕರ್ ಹಿಡಿದೆ. ಜಾಗ ಆರಿಸುವಾಗ ಮಾತ್ರ ಅವರ ಬುದ್ಧಿಯೇ ಸರಿ ಅನ್ನಿಸಿತು: ಉಟ್ಟಾಗ ಕಾಣಬಾರದು, ಹುಡುಕಿದರೆ ತಕ್ಷಣ ಸಿಗಬೇಕು.

ಲಂಗಕ್ಕೆ ಹಾಕುವ ಬಿಳಿ ಹತ್ತಿ ಲಾಡಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ಒಂದೂವರೆ ಇಂಚಿನ ತುಂಡು ಮಾಡಿ, ನಂಬರ್ ಬರೆದು, ಶಾಯಿ ಒಣಗಿದ ಮೇಲೆ ಬಿಸಿ ಇಸ್ತ್ರಿ ಒತ್ತಿದೆ. ಆಮೇಲೆ ತುದಿ ಮಡಚಿ, ಸೀರೆಯ ಕೆಳಅಂಚಿಗೆ ಒಳಗಿನಿಂದ ಹೊಲಿಯುವ ಪಟ್ಟಿ ಅಂದರೆ ಫಾಲ್‌ನ ಮೇಲೆ, ಒಳಮಗ್ಗುಲಲ್ಲಿ, ನಾಲ್ಕು ಹೊಲಿಗೆ ಹಾಕಿದೆ. ಸೂಜಿ ಫಾಲ್ ಬಟ್ಟೆಯನ್ನು ಮಾತ್ರ ಹಿಡಿಯಬೇಕು, ಸೀರೆಗೆ ತಾಗಬಾರದು, ಅದರಲ್ಲೂ ರೇಷ್ಮೆಗೆ. ಫಾಲ್ ಇಲ್ಲದ ಕೈಮಗ್ಗದ ಸೀರೆಗಳಿಗೆ ಸೊಂಟಕ್ಕೆ ಸಿಕ್ಕಿಸುವ ಒಳತುದಿಯ ಮೇಲಿನ ಮೂಲೆ ಒಳ್ಳೆಯ ಜಾಗ. ಮೈಸೂರು ಸಿಲ್ಕ್‌ಗೆ ಅದನ್ನು ನೇಯುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯವರೇ ಗುರುತಿನ ನಂಬರ್ ಹಾಕಿ ಕೊಡುತ್ತಾರೆ, ಆದರೂ ದಿನದ ಲೆಕ್ಕಕ್ಕೆ ಎರಡಂಕಿಯ ನಂಬರ್ ಸುಲಭ, ಹಾಗಾಗಿ ಅದಕ್ಕೂ ಒಂದು ಲಾಡಿ ತುಂಡು ಬಿತ್ತು.

ಬ್ಲೌಸ್‌ಗಳಿಗೂ ನಂಬರ್ ಹಾಕಬೇಕು. ಇದನ್ನು ಬಿಟ್ಟರೆ ಇಡೀ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಸೀರೆಗಳು 1ರಿಂದ, ಬ್ಲೌಸ್‌ಗಳು 101ರಿಂದ. ಬ್ಲೌಸ್‌ನಲ್ಲಿ ಹುಕ್ಕುಪಟ್ಟಿಯ ಒಳಗೆ ನೇರವಾಗಿ ಬರೆದೆ, ಲಾಡಿ ಬೇಕಾಗಲಿಲ್ಲ.

ಬರೆಯುವ ಜಾಗ

ಫೋನಿನಲ್ಲಿ ಗೂಗಲ್ ಫಾರ್ಮ್ ಮಾಡಿ, ದಿನಾ ಬೆಳಿಗ್ಗೆ ನಂಬರ್ ಒತ್ತುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಒಲೆ ಮೇಲೆ ಹಾಲು, ಡಬ್ಬಿ ಕಟ್ಟುವುದು, ಎಂಟೂವರೆ ಬಸ್ಸು ಇರುವ ಮನೆಯಲ್ಲಿ ಅದು ನಡೆಯುವ ಮಾತಲ್ಲ. ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲ ಗೋಡೆಯ ಕ್ಯಾಲೆಂಡರ್‌ನಲ್ಲೇ ಇರುತ್ತದೆ. ಸೀರೆ ಲೆಕ್ಕವನ್ನೂ ಅಂಥದ್ದೇ ಒಂದು ಕ್ಯಾಲೆಂಡರ್‌ಗೆ ಹಾಕಿದೆ, ಬೀರುವಿನ ಬಾಗಿಲ ಒಳಗೆ ಅಂಟಿಸಿ, ದಾರದಲ್ಲಿ ಪೆನ್ಸಿಲ್ ಕಟ್ಟಿ. ಆ ದಿನದ ಚೌಕದಲ್ಲಿ ‘14/106’ ಅಂತ ಬರೆದರೆ ಆಯಿತು, 14 ಸೀರೆ, 106 ಬ್ಲೌಸ್. ಬರೆಯುವುದು ಸಂಜೆ, ಸೀರೆ ಬಿಚ್ಚಿ ಮಡಿಸುವಾಗ. ಸಂಜೆ ಬರೆಯುವುದರಲ್ಲಿ ಇನ್ನೊಂದು ಲಾಭ ಇದೆ. ಆ ಸೀರೆ ದಿನವಿಡೀ ಹೇಗಿತ್ತು ಅಂತ ಮೈಗೆ ಇನ್ನೂ ನೆನಪಿರುತ್ತದೆ. ಬೋರ್ಡ್ ಮೇಲೆ ಬರೆಯಲು ಕೈ ಎತ್ತಿದಾಗ ಕಂಕುಳು ಹಿಡಿಯಿತಾ, ನೆರಿಗೆ ಜಾರಿತಾ, ಅಂಚು ಚುಚ್ಚಿತಾ ಅನ್ನುವುದು ಬೆಳಿಗ್ಗೆ ಗೊತ್ತಿರುವುದಿಲ್ಲ.

ಇನ್ನು ಈ ವ್ಯವಸ್ಥೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ ಭಾಗ. ಉಟ್ಟಿದ್ದನ್ನು ಎಲ್ಲರೂ ಬರೆಯುತ್ತಾರೆ. ಆದರೆ ಕೈಗೆ ತೆಗೆದುಕೊಂಡು, ಒಂದು ಕ್ಷಣ ನೋಡಿ, ವಾಪಸ್ ಇಟ್ಟ ಸೀರೆಯನ್ನೂ ಬರೆಯಬೇಕು. ಅದೇ ಚೌಕದ ಕೆಳಗೆ ನಂಬರ್ ಬರೆದು ಸುತ್ತ ಒಂದು ಸೊನ್ನೆ ಹಾಕುತ್ತೇನೆ, ಪಕ್ಕದಲ್ಲಿ ಕಾರಣದ ಒಂದು ಅಕ್ಷರ. ಬ ಅಂದರೆ ಬ್ಲೌಸ್ ಸರಿಯಿಲ್ಲ ಅಥವಾ ಇಲ್ಲ. ಇ ಅಂದರೆ ಇಸ್ತ್ರಿ ಆಗಿಲ್ಲ. ಒ ಅಂದರೆ ಒಣಗಿಲ್ಲ. ಭ ಅಂದರೆ ಭಾರ, ಇಡೀ ದಿನ ನಿಂತು ಪಾಠ ಮಾಡಲು ಆಗುವುದಿಲ್ಲ. ಕ ಅಂದರೆ ಕಲೆ ಅಥವಾ ಹರಿದಿದೆ. ಇಷ್ಟೇ ಅಕ್ಷರ ಸಾಕು, ಜಾಸ್ತಿ ಮಾಡಿದರೆ ಬೆಳಿಗ್ಗೆ ಯೋಚಿಸುತ್ತಾ ನಿಲ್ಲಬೇಕಾಗುತ್ತದೆ. ಬೆಳಿಗ್ಗೆ ಬರೆಯುವುದು ಇದೊಂದನ್ನೇ, ಅದಕ್ಕೇ ಪೆನ್ಸಿಲ್ ಅಲ್ಲೇ ನೇತಾಡುತ್ತಿರಬೇಕು.

ಶೀಟು

ತಿಂಗಳ ಕೊನೆಯ ಭಾನುವಾರ ಕ್ಯಾಲೆಂಡರ್ ನೋಡಿ ಗೂಗಲ್ ಶೀಟ್ಸ್‌ಗೆ ಏರಿಸುತ್ತೇನೆ. ಮಗಳು ಓದಿ ಹೇಳುತ್ತಾಳೆ, ನಾನು ಒತ್ತುತ್ತಾ ಹೋಗುತ್ತೇನೆ, ಟೀ ಮುಗಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಮೂರು ಹಾಳೆ ಇವೆ. ‘ಬೀರು’ ಹಾಳೆಯಲ್ಲಿ ಸೀರೆಯ ನಂಬರ್, ಬಗೆ, ಬೆಲೆ, ಫಾಲ್ ಮತ್ತು ಪಿಕೋ (ಅಂಚಿನ ಹೊಲಿಗೆ) ಖರ್ಚು, ಬ್ಲೌಸ್ ಹೊಲಿಗೆ ಖರ್ಚು, ಕೊಂಡಿದ್ದಾ ಉಡುಗೊರೆಯಾ ಅನ್ನುವುದು. ‘ಉಟ್ಟಿದ್ದು’ ಹಾಳೆಯಲ್ಲಿ ತಾರೀಕು, ಸೀರೆ ನಂಬರ್, ಬ್ಲೌಸ್ ನಂಬರ್. ‘ಬಿಟ್ಟಿದ್ದು’ ಹಾಳೆಯಲ್ಲಿ ತಾರೀಕು, ಸೀರೆ ನಂಬರ್, ಕಾರಣದ ಅಕ್ಷರ.

ಲೆಕ್ಕ ಮಾಡುವುದು ಮೂರೇ ಸೂತ್ರ. ಒಂದು ಸೀರೆ ಎಷ್ಟು ಸಲ ಉಟ್ಟಿದ್ದೇನೆ ಅನ್ನುವುದಕ್ಕೆ ಕೌಂಟ್‌ಇಫ್: ‘ಉಟ್ಟಿದ್ದು’ ಹಾಳೆಯ ಸೀರೆ ಕಾಲಂನಲ್ಲಿ ಈ ನಂಬರ್ ಎಷ್ಟು ಕಡೆ ಇದೆ ಅಂತ ಅದು ಎಣಿಸುತ್ತದೆ. ಕೊನೆಯ ಸಲ ಯಾವತ್ತು ಅನ್ನುವುದಕ್ಕೆ ಮ್ಯಾಕ್ಸ್‌ಇಫ್ಸ್: ಆ ನಂಬರ್ ಇರುವ ಸಾಲುಗಳಲ್ಲಿ ತೀರಾ ಈಚಿನ ತಾರೀಕು ಕೊಡುತ್ತದೆ. ಯಾವ ಕಾರಣಕ್ಕೆ ಎಷ್ಟು ಸಲ ವಾಪಸ್ ಇಟ್ಟೆ ಅನ್ನುವುದಕ್ಕೆ ಕೌಂಟ್‌ಇಫ್ಸ್: ನಂಬರ್ ಮತ್ತು ಅಕ್ಷರ ಎರಡೂ ಹೊಂದಬೇಕು ಅಂತ ಹೇಳಿದರೆ ಆಯಿತು. ತಾರೀಕು ಕಾಲಂ ಅನ್ನು ಮೊದಲೇ ತಾರೀಕಿನ ಫಾರ್ಮ್ಯಾಟ್‌ಗೆ ಹಾಕಿಡಿ. ಇಲ್ಲವಾದರೆ ಶೀಟ್ ಕೆಲವನ್ನು ಬರೀ ಅಕ್ಷರ ಅಂದುಕೊಂಡು ಲೆಕ್ಕದಿಂದ ಬಿಟ್ಟುಬಿಡುತ್ತದೆ.

ಒಂದು ಸಲ ಉಡಲು ಎಷ್ಟು ಬಿತ್ತು ಅನ್ನುವ ಲೆಕ್ಕವನ್ನೂ ಹಾಕಿದೆ. 1,200 ರೂಪಾಯಿ ಸೀರೆ, ಫಾಲ್ ಪಿಕೋಗೆ 100, ಬ್ಲೌಸ್ ಹೊಲಿಗೆ 450 ಅಂದರೆ ಒಟ್ಟು 1,750. ಅದನ್ನು 35 ಸಲ ಉಟ್ಟರೆ ಸಲಕ್ಕೆ 50 ರೂಪಾಯಿ. ಹೊಲಿಗೆ ಖರ್ಚು ಸೇರಿಸದೆ ಲೆಕ್ಕ ಮಾಡುವವರೇ ಜಾಸ್ತಿ, ಆದರೆ 600 ರೂಪಾಯಿಯ ಸೀರೆಗೆ ಬ್ಲೌಸ್ ಹೊಲಿಗೆಯೇ ಮುಕ್ಕಾಲು ಭಾಗ ಸೇರಿಕೊಳ್ಳುತ್ತದೆ, ‘ಸಸ್ತಾ’ ಸೀರೆ ಅನ್ನುವುದು ಅಲ್ಲೇ ಬಿದ್ದುಹೋಗುತ್ತದೆ. ಹಾಗಂತ ಈ ಅಂಕಿಗೆ ನಾನು ತೀರಾ ಬೆಲೆ ಕೊಡುವುದಿಲ್ಲ. ಮದುವೆ ಮುಂಜಿಗೆ ಉಡುವ ರೇಷ್ಮೆಯನ್ನು, ಅಮ್ಮ ಕೊಟ್ಟ ಮೊಳಕಾಲ್ಮೂರು ಸೀರೆಯನ್ನು ಸಲಕ್ಕೆ ಇಷ್ಟು ಅಂತ ಭಾಗಿಸುವುದು ಸರಿಯಲ್ಲ. ಅವಕ್ಕೆ ‘ಸಮಾರಂಭ’ ಅಂತ ಗುರುತು ಹಾಕಿ ಆ ಕಾಲಂನಿಂದ ಹೊರಗಿಟ್ಟಿದ್ದೇನೆ. ಅವುಗಳ ಮುಂದೆ ಕೊನೆಯ ಸಲ ಮಡಿಕೆ ಬದಲಿಸಿದ ತಾರೀಕು ಮಾತ್ರ ಇದೆ. ರೇಷ್ಮೆ ಅದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿದಂತೆ ಇದ್ದರೆ ಜರಿ ಇರುವ ಕಡೆ ಅಲ್ಲೇ ಸೀಳುತ್ತದೆ. ಅದನ್ನು ತಡೆಯುವ ತಾರೀಕು ರೂಪಾಯಿ ಲೆಕ್ಕಕ್ಕಿಂತ ದೊಡ್ಡದು.

ಏನು ಸಿಕ್ಕಿತು

ಉಟ್ಟ ಲೆಕ್ಕ ನೋಡಿದರೆ ಆಶ್ಚರ್ಯವೇನೂ ಇರಲಿಲ್ಲ. ಬಿಟ್ಟ ಲೆಕ್ಕ ಬೇರೆಯೇ ಕಥೆ ಹೇಳಿತು. ಇಸ್ತ್ರಿ ಆಗಿಲ್ಲ, ಭಾರ, ಕಲೆ ಅನ್ನುವ ಯಾವ ಕಾರಣವೂ ಅಲ್ಲಿ ದೊಡ್ಡದಾಗಿರಲಿಲ್ಲ. ಹಾಳೆ ತುಂಬಾ ಬ, ಬ, ಬ. ಒಳ್ಳೆಯ ಇಳಕಲ್ ಸೀರೆ, ಬ್ಲೌಸ್ ತೋಳು ಬಿಗಿ. ಉಡುಪಿ ಕಾಟನ್, ಮೈಗೆ ಹಗುರ, ಒಗೆತಕ್ಕೆ ಬಾಳುತ್ತದೆ, ಬ್ಲೌಸ್ ಹೊಲಿಸಿಯೇ ಇಲ್ಲ. ಗೃಹಪ್ರವೇಶದಲ್ಲಿ ಕೊಟ್ಟ ಸೀರೆ, ಬ್ಲೌಸ್ ಪೀಸ್ ಇನ್ನೂ ಸೆರಗಿನ ಆಚೆ ತುದಿಯಲ್ಲಿ ಕತ್ತರಿಸದೆ ಹಾಗೇ ಇದೆ. ಬೀರುವಿನಲ್ಲಿ ಸೀರೆ ಇದ್ದೂ ಉಡಲು ಏನೂ ಇಲ್ಲ ಅನ್ನಿಸುವುದು ಇದಕ್ಕೇ. ಕೊರತೆ ಇದ್ದದ್ದು ಬ್ಲೌಸ್‌ಗೆ, ದುಡ್ಡು ಹೋಗುತ್ತಿದ್ದದ್ದು ಸೀರೆಗೆ.

ಇದು ತಿಳಿದ ಮೇಲೆ ನಾಲ್ಕನೆಯ ಹಾಳೆ ಸೇರಿಸಿದೆ, ‘ಜೋಡಿ’ ಅಂತ. ಎಡಕ್ಕೆ ಸೀರೆ ನಂಬರ್‌ಗಳು, ಮೇಲೆ ಬ್ಲೌಸ್ ನಂಬರ್‌ಗಳು, ಎರಡೂ ಹೊಂದುವ ಕಡೆ 1. ಹಗಲು ಬೆಳಕಿನಲ್ಲಿ, ಕಿಟಕಿ ಹತ್ತಿರ, ಒಂದೊಂದೇ ಬ್ಲೌಸನ್ನು ಸೀರೆಗಳ ಮೇಲೆ ಇಟ್ಟು ನೋಡಿ ತುಂಬಬೇಕು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಡುನೀಲಿ, ಕಪ್ಪು ಎರಡೂ ಒಂದೇ ಥರ ಕಾಣುತ್ತವೆ. ಪಕ್ಕದ ಮನೆಯ ಅಕ್ಕ ಸಹಾಯಕ್ಕೆ ಬಂದಿದ್ದರು, ಅವರ ಕಣ್ಣು ನನಗಿಂತ ಚುರುಕು. ಸಾಲಿನ ಮೊತ್ತ ಸೊನ್ನೆ ಬಂದರೆ ಆ ಸೀರೆಗೆ ಜೋಡಿ ಇಲ್ಲ. ಕಾಲಂನ ಮೊತ್ತ ದೊಡ್ಡದು ಬಂದರೆ ಆ ಬ್ಲೌಸ್ ಚಿನ್ನ. ನನ್ನ ಹಾಳೆಯಲ್ಲಿ ಹಾಗೆ ಮೇಲೆ ಬಂದದ್ದು ಕಪ್ಪು, ಮರೂನ್, ಮತ್ತು ರವಿಕೆಗೆಂದೇ ನೇಯುವ ಗುಳೇದಗುಡ್ಡದ ಖಣದ ಒಂದು ಬ್ಲೌಸ್. ಇಳಕಲ್ ಸೀರೆ ಜೊತೆ ಖಣ ಉತ್ತರ ಕರ್ನಾಟಕದಲ್ಲಿ ಮೊದಲಿಂದಲೂ ನಡೆದುಬಂದ ಜೋಡಿ. ಅದೇ ಖಣ ನನ್ನ ಸಾದಾ ಕಾಟನ್ ಸೀರೆಗಳಿಗೂ ಕೂತಿತು, ಇದು ‘ಜೋಡಿ’ ಹಾಳೆ ತುಂಬುವಾಗಲೇ ಕಣ್ಣಿಗೆ ಬಿದ್ದದ್ದು.

ಬ್ಲೌಸ್ ಬಿಚ್ಚಿ ಸರಿ ಮಾಡಿದ್ದು

ಹೊಸದು ಹೊಲಿಸುವ ಮೊದಲು ಇದ್ದದ್ದನ್ನು ನೋಡೋಣ ಅಂತ ಬಿಗಿಯಾದ ಬ್ಲೌಸ್‌ಗಳನ್ನೆಲ್ಲ ಮಂಚದ ಮೇಲೆ ಹರಡಿ, ಒಳಗಡೆ ತಿರುಗಿಸಿದೆ. ಒಳ್ಳೆಯ ಟೈಲರ್ ಹೊಲಿದಿದ್ದರೆ ಪಕ್ಕದ ಹೊಲಿಗೆಯ ಆಚೆ ಒಂದು ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾರೆ, ಎರಡು ಮೂರು ಸಾಲು ಹೊಲಿಗೆಯೂ ಮೊದಲೇ ಹಾಕಿರುತ್ತಾರೆ. ಮೈಗೆ ಹತ್ತಿರ ಇರುವ ಒಳಸಾಲು ಮಾತ್ರ ಬಿಚ್ಚಿದರೆ ಮುಂದಿನ ಸಾಲು ತಾನೇ ಹಿಡಿದುಕೊಳ್ಳುತ್ತದೆ. ಮಿಷನ್ ಬೇಡವೇ ಬೇಡ.

ಇಲ್ಲೊಂದು ಲೆಕ್ಕ ನೆನಪಿಟ್ಟುಕೊಳ್ಳಿ. ಪಕ್ಕದ ಹೊಲಿಗೆಯನ್ನು ಅರ್ಧ ಇಂಚು ಆಚೆ ಸರಿಸಿದರೆ ಮುಂದಿನ ಭಾಗದಿಂದ ಅರ್ಧ, ಹಿಂದಿನ ಭಾಗದಿಂದ ಅರ್ಧ ಇಂಚು ಸಿಗುತ್ತದೆ. ಎರಡೂ ಪಕ್ಕ ಸೇರಿದರೆ ಒಟ್ಟು ಎರಡು ಇಂಚು. ಹಾಗಾಗಿ ಪೂರ್ತಿ ಬಿಚ್ಚಬೇಡಿ. ಕಾಲು ಇಂಚು ಸರಿಸಿ ಹಾಕಿ ನೋಡಿ, ಆಮೇಲೆ ಮುಂದಿನದು. ಈ ಹೊಲಿಗೆ ತೋಳಿನ ಅಂಚಿನಿಂದ ಕಂಕುಳ ಮೂಲಕ ಸೊಂಟದವರೆಗೆ ಒಂದೇ ಗೆರೆಯಲ್ಲಿ ಬಂದಿರುತ್ತದೆ. ತೋಳು ಮಾತ್ರ ಬಿಗಿ ಇದ್ದರೆ ತೋಳಿನಿಂದ ಕಂಕುಳ ಕೆಳಗೆ ಎರಡು ಇಂಚಿನವರೆಗೆ ಬಿಚ್ಚಿ, ಅಲ್ಲಿಂದ ಹಳೆಯ ಗೆರೆಗೆ ಓರೆಯಾಗಿ ಸೇರಿಸಿದರೆ ಸಾಕು.

ಬಿಚ್ಚಲು ಸೀಮ್ ರಿಪ್ಪರ್ ತಗೊಳ್ಳಿ, ಫ್ಯಾನ್ಸಿ ಸ್ಟೋರ್‌ನಲ್ಲಿ ಸಿಗುತ್ತದೆ. ಬ್ಲೇಡ್‌ನಲ್ಲಿ ಬಿಚ್ಚುವುದು ರೇಷ್ಮೆಗೆ ಅಪಾಯ. ಐದಾರು ಹೊಲಿಗೆಗೆ ಒಂದನ್ನು ಕತ್ತರಿಸುತ್ತಾ ಹೋಗಿ ಹಿಂದಿನಿಂದ ದಾರ ಎಳೆದರೆ ಪೂರ್ತಿ ಕಳಚಿ ಬರುತ್ತದೆ. ಹಳೆಯ ಸೂಜಿ ತೂತುಗಳು ಕಾಟನ್‌ನಲ್ಲಿ ಒಂದೆರಡು ಒಗೆತಕ್ಕೆ ಮುಚ್ಚಿಕೊಳ್ಳುತ್ತವೆ. ರೇಷ್ಮೆಯಲ್ಲಿ ಸ್ವಲ್ಪ ಉಳಿಯುತ್ತವೆ, ಆದರೆ ಅದು ಕಂಕುಳ ಕೆಳಗೆ, ಸೆರಗಿನ ಮರೆಗೆ ಬರುವ ಜಾಗ.

ಕೆಲವು ಬ್ಲೌಸ್‌ಗಳಲ್ಲಿ ಒಳಗೆ ಬಟ್ಟೆಯೇ ಬಿಟ್ಟಿರಲಿಲ್ಲ. ಅವಕ್ಕೆ ಕಂಕುಳಲ್ಲಿ ಎರಡೂವರೆ ಇಂಚಿನ ಚೌಕ ತುಂಡನ್ನು ವಜ್ರದಂತೆ ಓರೆಯಾಗಿ ಕೂರಿಸಿದೆ. ನಾಲ್ಕು ಹೊಲಿಗೆ ಸೇರುವ ಆ ಮೂಲೆಯನ್ನು ಬಿಚ್ಚಿ, ವಜ್ರದ ಒಂದು ಜೋಡಿ ತುದಿಯನ್ನು ತೋಳಿನ ಹೊಲಿಗೆ ಮತ್ತು ಪಕ್ಕದ ಹೊಲಿಗೆಗೆ, ಇನ್ನೊಂದು ಜೋಡಿಯನ್ನು ಮುಂದೆ ಮತ್ತು ಹಿಂದೆ ಬರುವಂತೆ ಇಟ್ಟು, ಮೊದಲು ಕೈಹೊಲಿಗೆ, ಆಮೇಲೆ ಮಿಷನ್. ಕೈ ಮೇಲೆತ್ತಿ ಬೋರ್ಡ್ ಮೇಲೆ ಬರೆಯುವವರಿಗೆ ಈ ಸಣ್ಣ ತುಂಡು ಕೊಡುವ ಸುಖ ಹೇಳಿ ಮುಗಿಯುವುದಿಲ್ಲ. ಹೊಸ ಬ್ಲೌಸ್‌ಗಳಿಗೂ ಇದನ್ನೇ ಹಾಕಿಕೊಡಿ ಅಂತ ಟೈಲರ್ ಅಕ್ಕನಿಗೆ ಕೇಳಿದೆ. "ನಿಮಗೆ ಯಾಕ್ರೀ ಇಷ್ಟು ರಿಪೇರಿ ಬುದ್ಧಿ" ಅಂತ ಮೊದಲು ನಕ್ಕರು, ಒಂದು ಹೊಲಿದು ಕೊಟ್ಟ ಮೇಲೆ ತಮಗೂ ಒಂದು ಹಾಕಿಕೊಂಡರು.

ಬಿಗಿಯಾದದ್ದರಲ್ಲಿ ಇನ್ನೊಂದು ಗುಂಪಿತ್ತು. ಮೇಲಿನ ಬಟ್ಟೆ ಸರಿಯಿದೆ, ಒಳಗಿನ ಲೈನಿಂಗ್ ಕುಗ್ಗಿ ಎಳೆಯುತ್ತಿದೆ. ಹತ್ತಿ ಲೈನಿಂಗನ್ನು ಹೊಲಿಯುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಬೇಕು. ಈಗ ನಾನೇ ನೆನೆಸಿ, ಇಸ್ತ್ರಿ ಮಾಡಿ, ಬ್ಲೌಸ್ ಪೀಸ್ ಜೊತೆ ಕೊಡುತ್ತೇನೆ.

ಮಳೆಗಾಲದ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆಯಲ್ಲಿ ಒ ಅಕ್ಷರ ಮೆರೆಯಿತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ನಮ್ಮ ಕಡೆ ಅಷ್ಟಿಲ್ಲ, ಆದರೂ ಬಟ್ಟೆ ಒಣಗುವ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಅಟ್ಟದ ಮೇಲೆ, ಬಚ್ಚಲೊಲೆಯ ಬಿಸಿಗೆ, ಫ್ಯಾನ್ ಕೆಳಗೆ ಅಂತ ಎಲ್ಲ ಕಡೆ ಹರವಿದರೂ ಕಾಟನ್ ಸೀರೆಗೆ ದಿನಗಳೇ ಬೇಕು. ಹತ್ತಿ ಸುಮ್ನೆ ಗಾಳಿಯಲ್ಲಿ ಇಟ್ಟಾಗಲೇ ತನ್ನ ಒಣ ತೂಕದ ಸುಮಾರು 8.5% ತೇವ ಹಿಡಿದುಕೊಂಡಿರುತ್ತದೆ, ಪಾಲಿಯೆಸ್ಟರ್ ಬರೀ 0.4%. ಜವಳಿ ವ್ಯಾಪಾರದಲ್ಲಿ ನೂಲನ್ನು ತೂಗಲು ಇಟ್ಟುಕೊಂಡಿರುವ ಅಂಕಿಗಳಿವು. ನನ್ನ ‘ಒ’ಗಳು ಬಹುತೇಕ ಕಾಟನ್ ಮೇಲೇ ಯಾಕೆ ಬಿದ್ದಿವೆ ಅನ್ನುವುದಕ್ಕೆ ಇದೂ ಒಂದು ಉತ್ತರ.

ಇದರಿಂದ ಎಷ್ಟು ಸೀರೆ ಬೇಕು ಅಂತ ನೇರವಾಗಿ ಲೆಕ್ಕ ಹಾಕಬಹುದು. ಉಟ್ಟ ಸೀರೆ ಒಗೆದು, ಒಣಗಿ, ಇಸ್ತ್ರಿಯಾಗಿ ವಾಪಸ್ ಬೀರುವಿಗೆ ಬರಲು ಎಷ್ಟು ದಿನ, ಅಷ್ಟು ಸೀರೆ, ಮೇಲೆ ಒಂದೆರಡು. ಐದು ದಿನ ಬೇಕಾದರೆ ಏಳು ಸೀರೆಯಲ್ಲಿ ಮಳೆಗಾಲ ಕಳೆಯಬಹುದು. ಆದರೆ ಸೀರೆಯನ್ನು ಗಾಳಿಗೆ ಹಾಕಿ ಎರಡನೆಯ ಸಲ ಉಡುತ್ತೇವೆ, ಬ್ಲೌಸನ್ನು ಪ್ರತಿ ಸಲವೂ ಒಗೆಯಲೇಬೇಕು. ಜೊತೆಗೆ ಲೈನಿಂಗ್ ಇರುವ ಬ್ಲೌಸ್ ಎರಡು ಪದರ, ಕಂಕುಳ ಹತ್ತಿರ ಹೊಲಿಗೆ ದಪ್ಪ, ಸೀರೆ ಒಣಗಿದರೂ ಅದು ತೇವವಾಗಿಯೇ ಇರುತ್ತದೆ. ಮಳೆಗಾಲದಲ್ಲೂ ತಿರುಗಿ ಬ್ಲೌಸ್‌ಗೇ ಬಂತು ನೋಡಿ. ಹಾಗಾಗಿ ಮಳೆಗಾಲಕ್ಕೆ ಅಂತಲೇ ಲೈನಿಂಗ್ ಇಲ್ಲದ, ಸ್ವಲ್ಪ ದಪ್ಪ ಬಟ್ಟೆಯ, ಕಡುಬಣ್ಣದ ಬ್ಲೌಸ್‌ಗಳು ಬೇಕು. ಖಣ ಇಲ್ಲೂ ಉಪಯೋಗಕ್ಕೆ ಬರುತ್ತದೆ, ನೇಯ್ಗೆ ಒತ್ತಾಗಿರುವುದರಿಂದ ಲೈನಿಂಗ್ ಇಲ್ಲದೆ ಹೊಲಿಸಬಹುದು. ಹಾಗೇ ಆ ನಾಲ್ಕು ತಿಂಗಳು ಸೀರೆಗೆ ಗಂಜಿ ಹಾಕುವುದನ್ನು ನಿಲ್ಲಿಸಿದ್ದೇನೆ, ಗಂಜಿ ಹಾಕಿದ ಬಟ್ಟೆಗೆ ಬೂಷ್ಟು ಬೇಗ ಹಿಡಿಯುತ್ತದೆ.

ಕೊಳ್ಳುವ ಪಟ್ಟಿ

ಆಷಾಢದಲ್ಲಿ ಮದುವೆ ಮುಂಜಿ ಇಲ್ಲದ್ದರಿಂದ ಜವಳಿ ಅಂಗಡಿಗಳು ಬೆಲೆ ಇಳಿಸುತ್ತವೆ, ಊರಿಗೆ ಊರೇ ಅಲ್ಲಿರುತ್ತದೆ. ನಮಗೆ ಅದು ಸರಿಯಾಗಿ ಮಳೆ ಹೊಯ್ಯುವ ಸಮಯ, ಬಟ್ಟೆ ಒಣಗದೆ ‘ಇನ್ನೆರಡು ಸೀರೆ ಇದ್ದಿದ್ದರೆ’ ಅನ್ನಿಸುತ್ತಿರುತ್ತದೆ, ಮೇಲೆ ರಿಯಾಯಿತಿ ಬೋರ್ಡ್. ಆ ಹೊತ್ತಿಗೆ ಕೈಯಲ್ಲಿ ಪಟ್ಟಿ ಇರುವುದು ತುಂಬಾ ಮುಖ್ಯ. ಪಟ್ಟಿಗೆ ಒಂದು ವಸ್ತು ಬರಬೇಕಾದರೆ ನಾನು ನೋಡುವುದು ಎರಡು: ‘ಬಿಟ್ಟಿದ್ದು’ ಹಾಳೆಯಲ್ಲಿ ಪದೇ ಪದೇ ಬಂದ ಯಾವುದೋ ಒಂದು ಕಾರಣವನ್ನು ಅದು ತೆಗೆಯಬೇಕು, ಮತ್ತು ‘ಜೋಡಿ’ ಹಾಳೆಯಲ್ಲಿ ಕನಿಷ್ಠ ಮೂರರ ಜೊತೆ ಹೊಂದಬೇಕು. ಸೀರೆಯಾದರೆ ಇರುವ ಮೂರು ಬ್ಲೌಸ್, ಬ್ಲೌಸ್ ಆದರೆ ಇರುವ ಮೂರು ಸೀರೆ. ಅಂಗಡಿಯಲ್ಲೇ ಫೋನಿನಲ್ಲಿ ಹಾಳೆ ತೆರೆದು ನೋಡಿಕೊಳ್ಳಬಹುದು.

ಈ ಸಲದ ಪಟ್ಟಿ ಹೀಗಿತ್ತು: ಎರಡು ಖಣ, ಹೊಲಿಗೆ ದುಡ್ಡು ಸೇರಿಸಿ. ಬಿಳಿ ಮತ್ತು ಕಪ್ಪು ಹತ್ತಿ ಲೈನಿಂಗ್, ಮೀಟರ್ ಲೆಕ್ಕದಲ್ಲಿ. ಬೇಗ ಒಣಗುವ ಕಡುನೀಲಿ ಸೀರೆ ಒಂದು, ಪಾಲಿಯೆಸ್ಟರ್ ಬೆರೆತದ್ದು. ಕಾಟನ್ ಪ್ರೀತಿ ಎಷ್ಟೇ ಇದ್ದರೂ ಜುಲೈ ತಿಂಗಳಲ್ಲಿ ಆ ಸೀರೆಗೆ ಸಾಟಿಯಿಲ್ಲ. ಹೊಸ ಕಾಟನ್ ಸೀರೆ ಒಂದೂ ಪಟ್ಟಿಯಲ್ಲಿ ಇರಲಿಲ್ಲ, ಅಂಗಡಿಯಲ್ಲಿ ಚೆಂದದ್ದು ಬೇಕಾದಷ್ಟು ಇದ್ದವು.

ಉಡುಗೊರೆಯ ವಿಷಯ ಸ್ವಲ್ಪ ಸೂಕ್ಷ್ಮ. ನಮ್ಮಲ್ಲಿ ಸೀರೆ, ರವಿಕೆ ಕಣ ಕೊಡುವುದು ಬಿಡುವುದು ಲೆಕ್ಕದ ಮಾತಲ್ಲ, ಮನಸ್ಸಿನ ಮಾತು, ಅದನ್ನು ಬೇಡ ಅನ್ನಲು ಬಾರದು. ಬಂದ ಸೀರೆಗೆ ಬೆಲೆಯ ಕಾಲಂನಲ್ಲಿ ಸೊನ್ನೆ ಹಾಕಿ, ಬಂದ ವಾರದಲ್ಲೇ ಫಾಲ್ ಹೊಲಿದು, ‘ಜೋಡಿ’ ಹಾಳೆಗೆ ಹಾಕುತ್ತೇನೆ. ಅರಿಸಿನ ಕುಂಕುಮದಲ್ಲಿ ಬಂದ ಕಣಗಳನ್ನು ಒಂದು ಸಲ ನೀರಿಗೆ ಹಾಕಿ, ಬಣ್ಣ ಬಿಡದ, ಒಳ್ಳೆಯ ಹತ್ತಿಯವನ್ನು ಬ್ಲೌಸ್‌ಗೆ ಎತ್ತಿಡುತ್ತೇನೆ. ಬಣ್ಣ ಬಿಡದ ಆದರೆ ತೆಳುವಾದವು ಲೈನಿಂಗ್‌ಗೆ ಸರಿ. ನನ್ನ ಅತ್ತಿಗೆಗೆ ಈ ಶೀಟಿನ ವಿಷಯ ಹೇಳಿದಾಗ, "ಹಾಗಾದ್ರೆ ಗೌರಿ ಹಬ್ಬಕ್ಕೆ ನಿಂಗೆ ಸೀರೆ ಬೇಡ, ಬ್ಲೌಸ್ ಹೊಲಿಸಿ ಕೊಡ್ತೀನಿ, ಅಳತೆ ಬ್ಲೌಸ್ ಕಳಿಸು" ಅಂದರು. 106 ಕಳಿಸಿದ್ದೇನೆ, ಕಂಕುಳ ತುಂಡು ಎರಡೂವರೆ ಇಂಚು ಅಂತ ಚೀಟಿ ಬರೆದು ಪಿನ್ ಮಾಡಿ.